ಎಡಮೂಲೆಯ ಖಾಲಿ ಜಾಗ

ಕಲಿಯಪೆರುಮಾಳಣ್ಣ ನನ್ನ ಕೋಣೆಗೆ ಬರುತ್ತಿದ್ದದ್ದು ನನ್ನನ್ನು ನೋಡಲಿಕ್ಕಲ್ಲ, ಏಸಿಯ ತಣ್ಣನೆ ಗಾಳಿಗೆ. ಇಪ್ಪತ್ತೊಂಬತ್ತು ವರ್ಷ ಎರಡನೇ ಬಾಯ್ಲರಿನ ಪಕ್ಕ ನಿಂತು ಬೆಂದ ಆಪರೇಟರ್. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ ಉಳಿದಿದ್ದರಿಂದ ಯಾರೂ ಏನೂ ಕೇಳುತ್ತಿರಲಿಲ್ಲ. ಬಂದವನೇ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಕುರ್ಚಿ ಎಳೆದುಕೊಂಡು, ನನ್ನ ಪರದೆಯ ಕಡೆಗೆ ಗದ್ದ ಎತ್ತಿ ಕೇಳುತ್ತಿದ್ದ. "ಏನಮ್ಮಾ ತಿಲಗವತಿ, ಇವತ್ತೂ ವಿಡಿಯೋ ಗೇಮಾ?"

ನನಗೆ ಮೈ ಉರಿಯುತ್ತಿತ್ತು. ವಿದ್ಯುತ್ ಕಾರ್ಖಾನೆಯ ಸಂಶೋಧನಾ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ನಾನು ಕಣ್ಣು ಕೆಡಿಸಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಅವನು ಇಟ್ಟ ಹೆಸರು ಅದು. ನಮ್ಮ ಊರು ಬದುಕಿರುವುದೇ ನೆಲದಡಿಯ ಕಂದು ಕಲ್ಲಿದ್ದಲಿನ ಮೇಲೆ. ಅದು ನೀರು ಕುಡಿದ, ಬೂದಿ ತುಂಬಿದ ಸರಕು, ಸುಮ್ಮನೆ ಒಲೆಗೆ ಸುರಿದರೆ ಮುಖ ಸಿಂಡರಿಸಿಕೊಂಡು ಹೊಗೆಯಾಡುತ್ತದೆ. ಅದಕ್ಕೇ ಬಾಯ್ಲರಿನ ತಳದಲ್ಲಿ ಮರಳು ತುಂಬಿ, ಕೆಳಗಿನ ಸಾವಿರಾರು ಸಣ್ಣ ಕೊಳವೆಬಾಯಿಗಳಿಂದ, ಅಂದರೆ ನಾಜಲ್‌ಗಳಿಂದ ಗಾಳಿ ಊದುತ್ತಾರೆ. ಗಾಳಿಯ ವೇಗ ಒಂದು ಮಟ್ಟ ದಾಟಿತೋ, ಮರಳು ಗಂಜಿಯ ಹಾಗೆ ಕುದಿಯಲು ಶುರುಮಾಡುತ್ತದೆ. ಗುಳ್ಳೆಗಳೆದ್ದು ಒಡೆಯುತ್ತವೆ, ತಳದ್ದು ಮೇಲಕ್ಕೆ ಬರುತ್ತದೆ, ಮೇಲಿನದ್ದು ಕೆಳಗಿಳಿಯುತ್ತದೆ. ಎಂಟುನೂರೈವತ್ತು ಡಿಗ್ರಿ ಕಾದ ಆ ಕುದಿತಕ್ಕೆ ಕಲ್ಲಿದ್ದಲ ಪುಡಿ ಬಿದ್ದರೆ ಅಲ್ಲೇ ಉರಿದುಹೋಗುತ್ತದೆ. ಇದನ್ನು ನಮ್ಮವರು ಬೆಡ್ಡು ಅನ್ನುತ್ತಾರೆ. ಗಾಳಿ ನಿಲ್ಲಿಸಿದ ಕ್ಷಣ ಬೆಡ್ಡು ಕುಸಿದು ಮತ್ತೆ ಬರೀ ಮರಳಾಗುತ್ತದೆ.

ಉರಿಯುವಾಗ ಅದರೊಳಗೆ ಏನು ನಡೆಯುತ್ತದೆ ಅಂತ ಕಣ್ಣಾರೆ ಕಂಡವರು ಯಾರೂ ಇಲ್ಲ. ಹಾಗಾಗಿ ಗಾಳಿ ಎಲ್ಲಿ ನುಗ್ಗುತ್ತದೆ, ಕಾಳು ಎಲ್ಲಿಗೆ ಓಡುತ್ತದೆ, ಒಂದು ಕಾಳು ಇನ್ನೊಂದಕ್ಕೆ ಹೇಗೆ ಗುದ್ದುತ್ತದೆ ಅನ್ನುವುದನ್ನೆಲ್ಲ ಲೆಕ್ಕ ಹಾಕಿ ಚಿತ್ರವಾಗಿ ತೋರಿಸುವುದು ನನ್ನ ಕೆಲಸ. ಎಲ್ಲ ಕಾಳನ್ನೂ ಹಿಡಿಯುವ ಯಂತ್ರ ಇನ್ನೂ ಹುಟ್ಟಿಲ್ಲ. ನನ್ನ ಲೆಕ್ಕದ ಒಂದು ಕಾಳು ನಿಜದ ಹತ್ತು ಸಾವಿರ ಕಾಳುಗಳಿಗೆ ಸಮ. ಪರದೆಯ ಮೇಲೆ ಓಡುವ ಕಾಳು ಕೆಂಪು, ನಿಧಾನದ್ದು ನೀಲಿ. ಬೆಡ್ಡಿನ ಹತ್ತು ಸೆಕೆಂಡಿಗೆ ನನ್ನ ಕಂಪ್ಯೂಟರು ಮೂರು ದಿನ ತೆಗೆದುಕೊಳ್ಳುತ್ತಿತ್ತು.

ಕಳೆದ ವರ್ಷ ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಬಾಯ್ಲರಿನ ಗಾಳಿಯೊತ್ತಡದ ಹೊಸ ಅಳತೆಗಳನ್ನು ಲೆಕ್ಕಕ್ಕೆ ಸೇರಿಸಿದಂದಿನಿಂದ ನನ್ನ ಚಿತ್ರದಲ್ಲಿ ಒಂದು ಖಾಲಿ ಜಾಗ ಕಾಣಿಸತೊಡಗಿತು. ಎಡಗಡೆ, ಹಿಂದಿನ ಮೂಲೆಯಲ್ಲಿ. ಸುತ್ತ ಕಾಳುಗಳು ಕುದಿಯುತ್ತಿದ್ದರೂ ಆ ಜಾಗದೊಳಗೆ ಒಂದೂ ನಿಲ್ಲುತ್ತಿರಲಿಲ್ಲ. ಹತ್ತಿರ ಬರುತ್ತಿದ್ದವು, ಅಂಚಿನಲ್ಲಿ ನೀಲಿಯಾಗುತ್ತಿದ್ದವು, ಆಮೇಲೆ ಇರುತ್ತಿರಲಿಲ್ಲ. ಗಾಳಿ ಹೆಚ್ಚಿಸಿ ನೋಡಿದೆ, ತಗ್ಗಿಸಿ ನೋಡಿದೆ, ಕಾಳಿನ ಗಾತ್ರ ಬದಲಾಯಿಸಿದೆ. ಪ್ರತಿ ಸಲ ಅದೇ ಮೂಲೆ, ಅದೇ ಎತ್ತರ, ಅದೇ ಅಗಲ.

ಒಂದು ಮಧ್ಯಾಹ್ನ ಕಲಿಯಪೆರುಮಾಳಣ್ಣ ತನ್ನ ಎಂದಿನ ವಿಡಿಯೋ ಗೇಮ್ ಕುಚೋದ್ಯಕ್ಕೆ ಬಾಯಿ ತೆರೆದವನು ಹಾಗೇ ನಿಂತುಬಿಟ್ಟ.

"ಇದನ್ನ ನಿಲ್ಸಮ್ಮಾ. ಹಾಂ, ಹಾಗೇ ಇರ್ಲಿ. ಇದು ಯಾವ ಮೂಲೆ?"

"ಎಡಗಡೆ ಹಿಂದಿನದು ಅಣ್ಣಾ. ಕಲ್ಲಿದ್ದಲು ಬೀಳೋ ಮೂರನೇ ಬಾಯಿ ಇದ್ಯಲ್ಲ, ಅದರ ಕೆಳಗೆ."

ಅವನು ಬಿಚ್ಚಿದ್ದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. "ಅಲ್ಲೇ ಸಡೆಯನ್ ನಿಂತಿದ್ದಿದ್ದು" ಅಂದ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಸಡೆಯನ್ ಗುತ್ತಿಗೆ ಗುಂಪಿನ ಇಟ್ಟಿಗೆ ಮೇಸ್ತ್ರಿ. ಬಾಯ್ಲರ್ ನಿಲ್ಲಿಸಿ, ಮರಳೆಲ್ಲ ಹೊರಗೆ ಬಿಟ್ಟ ಮೇಲೆ, ಒಳಗಿನ ಗೋಡೆಯ ಕಾವು ತಡೆಯುವ ಇಟ್ಟಿಗೆ ಸರಿಮಾಡಲು ಇಳಿದಿದ್ದಾನೆ. ಮೇಲಿನ ಗೋಡೆಗೆ ಅಂಟಿಕೊಂಡಿದ್ದ ಬೂದಿ ಒಮ್ಮೆಗೇ ಕಳಚಿ ಅವನ ಮೇಲೆ ಬಿದ್ದಿದೆ. ಹೊರಗಡೆ ತಣ್ಣಗೆ ಕಾಣುವ ಬೂದಿ ಒಳಗೆ ಎಷ್ಟು ದಿನವಾದರೂ ಕೆಂಡದ ಕಾವು ಹಿಡಿದುಕೊಂಡಿರುತ್ತದೆ. ನಾಲ್ಕು ಗಂಟೆ ಯಾರಿಗೂ ಹತ್ತಿರ ಹೋಗಲು ಆಗಲಿಲ್ಲವಂತೆ. ಮನೆಗೆ ಕಳಿಸಿದ್ದನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಕಳಿಸಿದರಂತೆ.

"ನಾನು ಬಾಗಿಲಲ್ಲೇ ಇದ್ದೆ" ಅಂದ ಕಲಿಯಪೆರುಮಾಳಣ್ಣ. "ನಿನಗೆ ಯಾರು ಹೇಳಿದ್ರಮ್ಮಾ ಈ ಜಾಗ?"

"ಯಾರೂ ಹೇಳಿಲ್ಲ ಅಣ್ಣಾ. ಲೆಕ್ಕದಲ್ಲಿ ಬಂದಿದ್ದು."

"ಲೆಕ್ಕಕ್ಕೆ ಯಾರು ಹೇಳಿದ್ರು?"

ನಾನು ನಕ್ಕುಬಿಟ್ಟೆ. ನಗು ಅರ್ಧಕ್ಕೇ ನಿಂತಿತು. ಸಡೆಯನ್ ಎಷ್ಟು ಎತ್ತರ ಇದ್ದ ಅಂತ ಕೇಳಿದ್ದಕ್ಕೆ ಅವನು ಅಂಗೈಯನ್ನು ತನ್ನ ಕಿವಿಯ ಮಟ್ಟಕ್ಕೆ ಹಿಡಿದು ತೋರಿಸಿದ. ಅವನು ಹೋದ ಮೇಲೆ ಆ ಖಾಲಿ ಜಾಗದ ಎತ್ತರ ಅಳೆದೆ. ಐದಡಿ ನಾಲ್ಕಂಗುಲ ಬಂತು. ನಾನು ದೆವ್ವ ಗಿವ್ವ ನಂಬುವವಳಲ್ಲ ಅಂತ ಗಟ್ಟಿಯಾಗಿ ಹೇಳಿಕೊಂಡೆ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಒಂದು ವಾರ ಆ ಪರದೆಗೆ ಬೆನ್ನು ಹಾಕಿ ಕೂರಲು ನನ್ನಿಂದ ಆಗಲಿಲ್ಲ.

ನನ್ನ ಮೇಲಧಿಕಾರಿ ವೈದ್ಯಲಿಂಗಂ ಅವರಿಗೆ ಮಾತ್ರ ಆ ಖಾಲಿ ಜಾಗ ಬಹಳ ಇಷ್ಟವಾಯಿತು. ಪುರಟ್ಟಾಸಿ ತಿಂಗಳಲ್ಲಿ, ಮಹಾಲಯದ ಹೊತ್ತಿಗೆ, ಎರಡನೇ ಬಾಯ್ಲರು ಗೋಡೆ ಸೋರಿ ನಿಂತುಹೋಗಿತ್ತು. ಗುತ್ತಿಗೆಯವರು ಒಳಗಿಳಿದು ಇಟ್ಟಿಗೆ ಕಟ್ಟಬೇಕು. ಸಡೆಯನ್ ಸತ್ತ ಮೇಲೆ ಬಂದ ನಿಯಮದ ಪ್ರಕಾರ ಮರಳು ಬಿಟ್ಟ ಮೇಲೆ ನಾಲ್ಕು ದಿನ ಯಾರೂ ಒಳಗೆ ಕಾಲಿಡುವಂತಿಲ್ಲ. ಮೇಲಿನಿಂದ ಕರೆಂಟು ಎಲ್ಲಿ ಕರೆಂಟು ಎಲ್ಲಿ ಅಂತ ದಿನಕ್ಕೆ ಹತ್ತು ಫೋನು.

"ತಿಲಗವತಿಯವರೇ, ನಾಲ್ಕು ದಿನ ಯಾಕೆ ಬೇಕು? ಸತ್ತ ಬೂದಿ ಮೂಲೆಯಲ್ಲಿ ಕೂತಿರುತ್ತೆ ಅಂತ ತಾನೇ? ನಿಮ್ಮ ಚಿತ್ರದಲ್ಲಿ ಮೂಲೆ ಖಾಲಿ. ಅಲ್ಲಿ ಬೂದಿ ನಿಲ್ಲೋದೇ ಇಲ್ಲ ಅಂತ ನೀವೇ ತೋರಿಸಿದ್ದೀರಿ. ಅದನ್ನೇ ಬರೆದುಕೊಡಿ. ನಲವತ್ತು ಗಂಟೆ ಸಾಕು ಅಂತ."

"ಸರ್, ಆ ಜಾಗ ಯಾಕೆ ಖಾಲಿ ಅಂತ ನನಗೇ ಇನ್ನೂ ಗೊತ್ತಿಲ್ಲ."

"ಯಾಕೆ ಅನ್ನೋದನ್ನ ನಿಮ್ಮ ಪ್ರಬಂಧದಲ್ಲಿ ಬರ್ಕೊಳ್ಳಿ. ನಮಗೆ ಖಾಲಿ ಆದ್ರೆ ಸಾಕು."

ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ನನ್ನ ಲೆಕ್ಕವನ್ನು ಯಾರೋ ಕೆಲಸಕ್ಕೆ ಬೇಕು ಅಂತ ಕೇಳಿದ್ದರು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಒಂದೂವರೆ ಪುಟದ ವರದಿ ಬರೆದು ಸಹಿ ಹಾಕಿಕೊಟ್ಟೆ.

ಒಳಗಿಳಿಯುವ ಹಿಂದಿನ ದಿನ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೂವತ್ತು ಮೂವತ್ತೆರಡರ ವಯಸ್ಸು, ಕೈತುಂಬ ಸುಣ್ಣದ ಬಿರುಕು. ಚಪ್ಪಲಿ ಹೊರಗೆ ಬಿಟ್ಟಿದ್ದ.

"ಅಕ್ಕಾ, ನಾನು ಕುಳಂದೈವೇಲು. ಇಟ್ಟಿಗೆ ಗುಂಪಿನವನು. ಸಡೆಯನ್ ಮಗ. ಕಲಿಯಪೆರುಮಾಳ್ ಮಾವ ಹೇಳ್ದ, ನಿಮ್ಮ ಹತ್ರ ಅಪ್ಪ ಕಾಣಿಸ್ತಾರೆ ಅಂತ."

ಕಲಿಯಪೆರುಮಾಳಣ್ಣನನ್ನು ಮನಸ್ಸಿನಲ್ಲೇ ಬೈದುಕೊಂಡೆ. "ಅಪ್ಪ ಅಲ್ಲಪ್ಪಾ ಅದು. ಸುಮ್ನೆ ಒಂದು ಖಾಲಿ ಜಾಗ. ಬಾ, ನೋಡು ಬೇಕಾದ್ರೆ."

ಅವನು ಕುರ್ಚಿಯಲ್ಲಿ ಕೂರಲಿಲ್ಲ. ಕೈ ಕಟ್ಟಿಕೊಂಡು, ದೇವರ ಮುಂದೆ ನಿಂತ ಹಾಗೆ ಪರದೆಯ ಮುಂದೆ ನಿಂತ. ಕೆಂಪು ನೀಲಿ ಕಾಳುಗಳು ಮಗುಚಿಕೊಳ್ಳುತ್ತಿದ್ದವು. ಎಡಮೂಲೆ ಹಾಗೇ ಇತ್ತು. ಕೇಳಿದ, "ಯಾವ ಕಡೆ ಮುಖ ಮಾಡ್ಕೊಂಡಿದಾರೆ?"

"ಮುಖ ಗಿಖ ಏನೂ ಇಲ್ಲ ಕಣಪ್ಪಾ. ಖಾಲಿ ಅಂದ್ರೆ ಖಾಲಿ."

"ಅಲ್ಲಿ ಬೂದಿ ಇಲ್ವಾ?"

"ಇಲ್ಲ."

"ಕಾವೂ ಇಲ್ವಾ?"

"ಇಲ್ಲ."

"ಹಾಗಾದ್ರೆ ಅಪ್ಪಂಗೆ ಈಗ ಸುಡ್ತಿಲ್ಲ" ಅಂದ. ಅಂದು ಮುಂಗೈಯಿಂದ ಕಣ್ಣೊರೆಸಿಕೊಂಡ. "ಅಮ್ಮಂಗೆ ಹೇಳ್ತೀನಿ ಅಕ್ಕಾ. ಹದಿನಾಲ್ಕು ವರ್ಷದಿಂದ ಅವಳು ಸುಡೋ ನೀರು ಮೈಮೇಲೆ ಹಾಕ್ಕೊಂಡಿಲ್ಲ." ನಾಳೆ ಮೊದಲು ಒಳಗಿಳಿಯುವವನು ತಾನೇ ಅಂತಲೂ ಹೇಳಿದ. ಎಲ್ಲರೂ ಬೇಡ ಅಂದರೂ ಕೇಳಿ ಪಡೆದುಕೊಂಡಿದ್ದನಂತೆ.

ಮರುದಿನ ಮಹಾಲಯ ಅಮಾವಾಸ್ಯೆ. ಹತ್ತು ಗಂಟೆಗೆ ಒಳಗಿಳಿಯಲು ಅನುಮತಿ ಚೀಟಿ ಕೊಟ್ಟಾಗಿತ್ತು. ನಾನು ನನ್ನ ಕೋಣೆಯಲ್ಲಿ ವರದಿಯ ಕೊನೆಗೆ ಸೇರಿಸಲು ಲೆಕ್ಕದ ವಿವರ ಬರೆಯುತ್ತಾ ಕೂತಿದ್ದೆ. ಅದಕ್ಕಾಗಿ ನಾನೇ ಬರೆದ ಪ್ರೋಗ್ರಾಮನ್ನು ಎರಡು ವರ್ಷದ ಮೇಲೆ ಮೊದಲ ಸಾಲಿನಿಂದ ಓದುತ್ತಾ ಬಂದೆ. ಮಧ್ಯದಲ್ಲಿ ಎಲ್ಲೋ ಆರು ಸಾಲು ಸಿಕ್ಕಿತು. ಅದರ ತಲೆಯ ಮೇಲೆ ನಾನೇ ಬರೆದುಕೊಂಡಿದ್ದೆ. 'ತಾತ್ಕಾಲಿಕ. ಆಮೇಲೆ ತೆಗೆಯಬೇಕು.'

ಏನು ಅಂತ ನೆನಪಾಗಲು ಅರ್ಧ ನಿಮಿಷ ಬೇಕಾಯಿತು. ಈ ಕೆಲಸದಲ್ಲಿ ಒಂದು ದೊಡ್ಡ ಪೀಡೆ ಇದೆ. ಎಲ್ಲಾದರೂ ಒಂದು ಚಿಕ್ಕ ಜಾಗದಲ್ಲಿ ಹಿಡಿಸಲಾರದಷ್ಟು ಕಾಳು ತುಂಬಿಕೊಂಡರೆ ಇಡೀ ಲೆಕ್ಕ ಕುಸಿದು ನಿಂತುಹೋಗುತ್ತದೆ. ಮೂರು ದಿನದ ಕೆಲಸ ಹಾಳು. ಅದಕ್ಕೇ ಆಗ ಬೇಸತ್ತು ಒಂದು ಉಪಾಯ ಮಾಡಿದ್ದೆ. ಯಾವ ಜಾಗದಲ್ಲಿ ಕಾಳು ಅತಿಯಾಗಿ ಒತ್ತಿಕೊಂಡಿದೆಯೋ ಅಲ್ಲಿಂದ ಅವನ್ನು ಎತ್ತಿ ಮೇಲಿನಿಂದ ಮತ್ತೆ ಸುರಿಯುವುದು. ಆಮೇಲೆ ಎಚ್ಚರಿಕೆಯ ಸಂದೇಶ ಕಿರಿಕಿರಿ ಮಾಡುತ್ತದೆ ಅಂತ ಅದನ್ನೂ ಬಾಯಿ ಮುಚ್ಚಿಸಿದ್ದೆ. ಅಷ್ಟು ಮಾಡಿ ಮರೆತೇಬಿಟ್ಟಿದ್ದೆ.

ಎತ್ತಿದ ಕಾಳುಗಳ ಎಣಿಕೆ ಹಾಕಿಸಿ ನೋಡಿದೆ. ಲಕ್ಷಗಟ್ಟಲೆ. ಎಲ್ಲವೂ ಒಂದೇ ಮೂಲೆಯಿಂದ.

ಎಡಮೂಲೆ ಖಾಲಿಯೇ ಆಗಿರಲಿಲ್ಲ. ಇಡೀ ಬೆಡ್ಡಿನಲ್ಲಿ ಬೂದಿ ಅತಿ ಹೆಚ್ಚು ಗಟ್ಟಿಯಾಗಿ, ಅಲ್ಲಾಡದೆ, ಕಲ್ಲಿನಂತೆ ಕೂತಿದ್ದ ಜಾಗ ಅದೇ. ಕೂತದ್ದನ್ನೆಲ್ಲ ನಾನೇ ಎತ್ತಿ ಎಸೆದು ಖಾಲಿ ಅಂತ ತೋರಿಸಿದ್ದೆ. ಒಂದಾಳೆತ್ತರದ ಸತ್ತ ಬೂದಿ, ನಲವತ್ತು ಗಂಟೆಯಲ್ಲ, ಹತ್ತು ದಿನವಾದರೂ ಒಳಗೆ ಆರಿರುವುದಿಲ್ಲ. ಕುಳಂದೈವೇಲು ಅದರೊಳಕ್ಕೆ ಕಾಲಿಡಲಿದ್ದ. ನನ್ನ ಸಹಿಯನ್ನು ನಂಬಿ.

ಬಾಯ್ಲರ್ ಮಹಡಿಯಲ್ಲಿ ಫೋನು ಸಿಗುವುದಿಲ್ಲ. ಕಂಟ್ರೋಲ್ ರೂಮಿನ ಫೋನು ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ಸ್ಕೂಟರ್ ಹಾರಿಸಿಕೊಂಡು ಹೋದೆ. ಗೇಟಿನಲ್ಲಿ ಹೆಲ್ಮೆಟ್ ಕೇಳಿದ ಕಾವಲಿನವನನ್ನು ಏನೆಂದು ಬೈದೆನೋ ನೆನಪಿಲ್ಲ, ಆಮೇಲೆ ಅವನು ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿ ಒಳಬಾಗಿಲ ಹತ್ತಿರ ಓಡಿದೆ.

ಬಾಗಿಲು ಅಂದರೆ ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ದುಂಡನೆಯ ತೂತು. ಅದರ ಮುಂದೆ ಗುಂಪಿನ ನಾಲ್ವರು ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಕಲಿಯಪೆರುಮಾಳಣ್ಣ ತೂತಿನ ಪಕ್ಕ ಗೋಡೆಗೊರಗಿ ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ.

"ಕುಳಂದೈವೇಲು ಎಲ್ಲಿ?" ಅಂದೆ.

"ಒಳಗಿದಾನೆ. ಜೋರಾಗಿ ಮಾತಾಡ್ಬೇಡಮ್ಮಾ."

ನಾನು ತಲೆ ಒಳಗೆ ಹಾಕಿದೆ. ಕುಳಂದೈವೇಲು ಐದಾರು ಹೆಜ್ಜೆ ದೂರದಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದ, ಹಣೆಯ ದೀಪ ಆರಿಸಿದ್ದ. ತೂತಿನಿಂದ ಬಿದ್ದ ಮಂದ ಬೆಳಕಿನಲ್ಲಿ ಅವನ ಮುಂದೆ ಎಡಮೂಲೆ. ಅಲ್ಲಿ ಗೋಡೆ ಕೆಳಗೆ ಇಳಿಜಾರಾಗಿ ಬರುತ್ತದೆ. ಬೂದಿ ಗೋಡೆಯ ಬಣ್ಣಕ್ಕೇ ತಿರುಗಿ, ಗೋಡೆಯಂತೆಯೇ ಹೆಪ್ಪುಗಟ್ಟಿ ನಿಂತಿತ್ತು. ಗೊತ್ತಿಲ್ಲದವರು ಅದನ್ನು ಬೂದಿ ಅನ್ನುತ್ತಲೇ ಇರಲಿಲ್ಲ. ಆ ಇಳಿಜಾರಿನ ಬುಡದಲ್ಲಿ ಒಂದು ಬಾಳೆಲೆ ಚೂರು, ಒಂದು ಹಿಡಿ ಅನ್ನ, ಒಣಮೀನಿನ ತುಂಡು. ಪಕ್ಕದಲ್ಲಿ ಒಂದು ಬೀಡಿ ಉರಿಯುತ್ತಿತ್ತು. ಕತ್ತಲಲ್ಲಿ ಅದರ ಕೆಂಡ ಹಿಗ್ಗುತ್ತಿತ್ತು, ಮಂಕಾಗುತ್ತಿತ್ತು. ಮತ್ತೆ ಹಿಗ್ಗುತ್ತಿತ್ತು, ಮತ್ತೆ ಮಂಕಾಗುತ್ತಿತ್ತು.

ಕಲಿಯಪೆರುಮಾಳಣ್ಣ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ. "ಅಮಾವಾಸ್ಯೆ ಅಲ್ವಾ. ಹೊಳೆಗೆ ಹೋಗೋಕೆ ರಜೆ ಸಿಗ್ಲಿಲ್ಲ, ಇಲ್ಲೇ ಎಡೆ ಇಡ್ತೀನಿ ಅಂದ. ಬೀಡಿ ಹಚ್ಚಿ ಇಟ್ಟು ಹಿಂದೆ ಸರಿದು ನಿಂತ. ಆರಿದ ಮೇಲೆ ಕೆಲಸ ಶುರು ಮಾಡ್ತೀನಿ, ಅಪ್ಪ ಸೇದೋವಾಗ ಎದುರಿಗೆ ಓಡಾಡೋದು ಬೇಡ ಅಂದ. ಮೊದಲ್ನೇ ಬೀಡಿ ದಾರದ ತನಕ ಉರೀತಮ್ಮಾ. ಇದು ಎರಡನೇದು."

ನನ್ನ ತಲೆಯೊಳಗೆ ಲೆಕ್ಕ ತಿರುಗಿತು. ಗಾಳಿ. ಬೂದಿಯ ಕೆಳಗಿನ ನಾಜಲ್‌ಗಳಿಂದ ಎಲ್ಲೋ ಗಾಳಿ ಸೋರಿ ಮೇಲೆ ಬರುತ್ತಿದೆ, ಗುಳ್ಳೆಗುಳ್ಳೆಯಾಗಿ ಬರುತ್ತಿದೆ, ಅದಕ್ಕೇ ಕೆಂಡ ಹಿಗ್ಗಿ ಕುಗ್ಗುತ್ತಿದೆ. ಗಾಳಿ ಹಾಯುತ್ತಿದ್ದರೆ ಅಡಿಯಲ್ಲಿ ಎಲ್ಲ ಕೆಂಡವಾಗಿರುತ್ತದೆ.

"ಕುಳಂದೈವೇಲು, ಹೊರಗೆ ಬಾ. ಈಗಲೇ ಬಾ."

ಅವನು ತಿರುಗಲಿಲ್ಲ. "ಸುಮ್ನಿರಿ ಅಕ್ಕಾ. ಅಪ್ಪ ಸೇದ್ತಿದಾರೆ."

"ಅದು ಬೂದಿ ಕಣೋ. ಒಳಗೆಲ್ಲಾ ಕೆಂಡ ಇದೆ. ಕಾಲಿಟ್ರೆ ಕುಸಿಯುತ್ತೆ."

"ನೀವೇ ಬರೆದುಕೊಟ್ಟಿದೀರಲ್ಲಕ್ಕಾ, ಇಲ್ಲಿ ಏನೂ ಇಲ್ಲ ಅಂತ. ಸೇಫ್ಟಿಯವರು ಅಳೆದ್ರು, ಐವತ್ತೆಂಟು ಡಿಗ್ರಿ ಅಷ್ಟೇ." ಅವನ ದನಿಯಲ್ಲಿ ಹೆದರಿಕೆಯ ಹನಿಯೂ ಇರಲಿಲ್ಲ. ಖುಷಿಯಿತ್ತು. "ಒಂದ್ಸಲ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದ್ಬಿಡ್ತೀನಿ. ಅವತ್ತು ನಂಗೆ ಮುಟ್ಟೋಕೆ ಬಿಟ್ಟಿರ್ಲಿಲ್ಲ."

ಒಂದು ಹೆಜ್ಜೆ ಮುಂದಿಟ್ಟ. ಇನ್ನು ಮೂರೇ ಹೆಜ್ಜೆ.

ಒಳಗೆ ನುಗ್ಗಿ ಅವನನ್ನು ಎಳೆಯುವಷ್ಟು ಹೊತ್ತಿರಲಿಲ್ಲ, ಧೈರ್ಯವೂ ಇರಲಿಲ್ಲ. ನನ್ನ ಬಾಯಲ್ಲಿ ಉಳಿದದ್ದು ಒಂದೇ ಮಾತು.

"ಅಲ್ಲಿ ಯಾರೂ ಇಲ್ಲ ಕುಳಂದೈವೇಲು! ಆ ಖಾಲಿ ಜಾಗ ನಾನು ಮಾಡಿದ್ದು. ನನ್ನ ತಪ್ಪು. ಲೆಕ್ಕ ನಿಂತುಹೋಗ್ತಿತ್ತು ಅಂತ ಬೂದೀನೆಲ್ಲ ನಾನೇ ಎತ್ತಿ ಹಾಕ್ಬಿಟ್ಟಿದ್ದೆ, ಎರಡು ವರ್ಷದ ಹಿಂದೆ, ಮರೆತೇಬಿಟ್ಟಿದ್ದೆ. ನೀನು ನೋಡಿದ್ದು ನಿಮ್ಮಪ್ಪ ಅಲ್ಲ. ನನ್ನ ಬೇಜವಾಬ್ದಾರಿ. ಬೀಡಿ ಉರೀತಿರೋದು ಕೆಳಗಿಂದ ಬರೋ ಗಾಳಿಗೆ. ನಿಮ್ಮಪ್ಪ ಇಲ್ಲಪ್ಪಾ ಅಲ್ಲಿ. ಇಲ್ಲ."

ಅವನು ನಿಂತ. ಆ ಕತ್ತಲಲ್ಲಿ ಅವನ ಬೆನ್ನು ಸಣ್ಣದಾದದ್ದು ನನಗೆ ಕಂಡಿತು. ಬೀಡಿಯ ಕೆಂಡ ಮಂಕಾಯಿತು. ಮತ್ತೆ ಹಿಗ್ಗಲಿಲ್ಲ.

ಅವನು ಬಗ್ಗಿ ತೂತಿನಿಂದ ಹೊರಗೆ ಬಂದ. ನನ್ನ ಮುಖ ನೋಡಿ ಒಂದೇ ಮಾತು ಹೇಳಿದ. "ಅಪ್ಪಂಗೆ ಸುಡ್ತಿಲ್ಲ ಅಂತ ಅಮ್ಮಂಗೆ ನಿನ್ನೆ ಹೇಳಿದ್ದೆ. ಇವತ್ತು ಬೆಳಿಗ್ಗೆ ಬಿಸಿನೀರು ಹಾಕ್ಕೊಂಡ್ಲು."

ಕಲಿಯಪೆರುಮಾಳಣ್ಣ ಇಪ್ಪತ್ತೈದಡಿ ಉದ್ದದ ಕಬ್ಬಿಣದ ಸಲಾಕೆ ತರಿಸಿ, ತೂತಿನಿಂದಲೇ ಎಡಮೂಲೆಗೆ ತಿವಿದ. ಮೇಲಿನ ಪದರ ಹಪ್ಪಳದಂತೆ ಒಡೆಯಿತು. ಒಳಗಿನ ಬೂದಿ ನೀರಿನಂತೆ ಹರಿದು ಬಂತು, ಎಲೆ, ಅನ್ನ, ಬೀಡಿ ಎಲ್ಲವನ್ನೂ ಮುಚ್ಚಿಕೊಂಡು, ಕುಳಂದೈವೇಲು ನಿಂತಿದ್ದ ಜಾಗವನ್ನೂ ದಾಟಿ. ಕಾವು ಬಾಗಿಲ ಹೊರಗಿದ್ದ ನಮ್ಮ ಮುಖಕ್ಕೆ ಬಡಿಯಿತು. ಸಲಾಕೆ ಎಳೆದಾಗ ತುದಿ ಕೆಂಪಗೆ ಕಾದಿತ್ತು.

ನನಗೆ ಎಚ್ಚರಿಕೆ ಪತ್ರ ಬಂತು. ಬರಲೇಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ನಲವತ್ತು ಗಂಟೆ ಸಾಕು ಅಂತ ಮೊದಲು ಹೇಳಿದವರ ಹೆಸರು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ. ವೈದ್ಯಲಿಂಗಂ ಈಗಲೂ ನನ್ನನ್ನು ನೋಡಿದರೆ ಫೋನು ಕಿವಿಗೆ ಹಚ್ಚಿಕೊಳ್ಳುತ್ತಾರೆ. ನಾನು ಆ ಆರು ಸಾಲು ತೆಗೆದೆ, ಲೆಕ್ಕವನ್ನು ಕುಸಿಯದಂತೆ ಬೇರೆ ರೀತಿಯಲ್ಲಿ ಕಟ್ಟಿದೆ. ಮೂಲೆ ಕಡುನೀಲಿಯಾಗಿ ತುಂಬಿಕೊಂಡಿತು, ಎಲ್ಲಿ ಎಷ್ಟು ಬೂದಿ ಸಿಕ್ಕಿತೋ ಅಲ್ಲಿ ಅಷ್ಟೇ. ಚಿತ್ರ ಈಗ ಸರಿಯಾಗಿದೆ.

ಹನ್ನೆರಡನೇ ದಿನ ಬೂದಿಯೆಲ್ಲ ತೆಗೆದ ಮೇಲೆ ತಳದ ತಪಾಸಣೆಯ ವರದಿ ನನ್ನ ಮೇಜಿಗೆ ಬಂತು. ಎಡಮೂಲೆಯ ಅಡಿಯಲ್ಲಿ ಅರವತ್ತೆರಡು ನಾಜಲ್‌ಗಳು. ಅರವತ್ತೆರಡೂ ಬೂದಿ ಕರಗಿ ಗಾಜಾಗಿ ಮುಚ್ಚಿಹೋಗಿದ್ದವು. ಒಂದರಲ್ಲೂ ಸೂಜಿ ತೂರುವಷ್ಟು ಸಂದಿರಲಿಲ್ಲ. ಹಾಗೆ ಮುಚ್ಚಿದ್ದಕ್ಕೇ ಅಲ್ಲಿ ಬೂದಿ ಸತ್ತು ಕೂತದ್ದು. ಗಾಳಿ ಆಡಿದ್ದರೆ ಅದು ಕೂರುತ್ತಲೇ ಇರಲಿಲ್ಲ. ಇದು ನಾನೇ ಬೇರೆಯವರಿಗೆ ಪಾಠ ಹೇಳುವ ವಿಷಯ.

ಕಲಿಯಪೆರುಮಾಳಣ್ಣನನ್ನು ಕರೆಸಿ, ಅವತ್ತು ನಾಜಲ್‌ಗಳಿಗೆ ಗಾಳಿ ಊದುವ ಫ್ಯಾನಿನಿಂದ ಗಾಳಿ ಸೋರುತ್ತಿತ್ತಾ ಅಂತ ಕೇಳಿದೆ.

"ಫ್ಯಾನಿಗೆ ಬೀಗ ಹಾಕಿ ಬೀಗದಕೈ ನನ್ನ ಜೇಬಲ್ಲಿತ್ತಮ್ಮಾ. ಬಾಗಿಲು ಒಂದೇ ತೆಗೆದಿದ್ದು. ಒಳಗೆ ಎಲೆ ಅಲ್ಲಾಡೋಷ್ಟು ಗಾಳಿ ಇರ್ಲಿಲ್ಲ." ಅವನು ಏಸಿಯ ಕೆಳಗೆ ಕೂತಿದ್ದರೂ ಬೆವರುತ್ತಿದ್ದ. "ನಾನು ನಲವತ್ತು ವರ್ಷದಿಂದ ಬೀಡಿ ಸೇದೋನು. ಬೀಡಿ ಸಿಗರೇಟಿನ ಥರ ಅಲ್ಲ, ಎಳೀದೆ ಇಟ್ರೆ ಅರ್ಧ ನಿಮಿಷಕ್ಕೆ ಸತ್ತುಹೋಗುತ್ತೆ. ನೀನು ಗಾಳಿ ಅಂದೆ, ಓದಿದೋಳು ಹೇಳ್ತಿದಾಳೆ ಅಂತ ಸುಮ್ನಿದ್ದೆ."

"ಇದನ್ನ ಕುಳಂದೈವೇಲುಗೆ ಹೇಳಿದ್ರಾ?"

"ಇಲ್ಲ. ಹೇಳ್ಲಾ?"

ಬೇಡ ಅಂದೆ. ಅವನೂ ಬೇಡ ಅನ್ನುವವನಂತೆ ತಲೆಯಾಡಿಸಿದ. ಆಮೇಲೆ ನಿವೃತ್ತನಾಗಿ ಮಗಳ ಊರಿಗೆ ಹೋದ. ಅಂದಿನಿಂದ ಈ ಮಾತು ನನ್ನೊಬ್ಬಳ ಹತ್ತಿರವೇ ಇದೆ. ಎಷ್ಟೋ ಸಲ ಆ ಮೂಲೆಯ ಗಾಳಿಯ ಲೆಕ್ಕ ಹಾಕಿದ್ದೇನೆ. ಪ್ರತಿ ಸಲವೂ ಉತ್ತರ ಸೊನ್ನೆ.

ಈ ವರ್ಷ ಮತ್ತೆ ಎರಡನೇ ಬಾಯ್ಲರು ನಿಲ್ಲಿಸಿದರು. ಈಗ ಕಾಯುವುದು ಹನ್ನೆರಡು ದಿನ, ಯಾರ ಫೋನಿಗೂ ಜಗ್ಗುವುದಿಲ್ಲ. ಒಳಗಿಳಿಯುವ ಮೊದಲು ಸಲಾಕೆ ತಿವಿದು ನೋಡುವಾಗ ನಾನೇ ಖುದ್ದಾಗಿ ನಿಲ್ಲಬೇಕು ಅಂತ ನಾನೇ ಹೊಸ ನಿಯಮ ಬರೆಸಿದ್ದೇನೆ. ಎಡಮೂಲೆಯಲ್ಲಿ ಬೂದಿ ಇರಲಿಲ್ಲ, ಬರೀ ಇಟ್ಟಿಗೆ. ಕುಳಂದೈವೇಲು ಈಗ ಗುಂಪಿನ ಮೇಸ್ತ್ರಿ. ಒಂದು ವರ್ಷ ನನ್ನ ಜೊತೆ ಮಾತು ಬಿ‌ಟ್ಟಿದ್ದವನು ಅವತ್ತು ಬಾಗಿಲ ಹತ್ತಿರ ಬಂದು ನಿಂತ. ಉಳಿದವರು ಹಗ್ಗ ಬಿಗಿಯುತ್ತಿದ್ದರು.

"ಅಕ್ಕಾ, ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡಿ."

"ಕೇಳಪ್ಪಾ."

"ಅವತ್ತು ನೀವು ಹೇಳಿದ್ದು ನನ್ನ ಹೊರಗೆ ಕರೆಯೋಕಾ, ಇಲ್ಲಾ ನಿಜಾನಾ? ನಿಜವಾಗ್ಲೂ ಅಲ್ಲಿ ಯಾರೂ ಇರ್ಲಿಲ್ವಾ?"

ಅವನ ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟಿನ ಅಂಚು ಕಾಣುತ್ತಿತ್ತು. ಅವನು ಸೇದುವವನಲ್ಲ. ನನಗೆ ಗೊತ್ತಿರುವುದನ್ನು ಹೇಳಿದರೆ ಅವನು ಇನ್ನು ಯಾವ ಬಾಯ್ಲರಿನ ಯಾವ ಮೂಲೆಯಲ್ಲೂ ಕಾವು ಅಳೆಯುವುದಿಲ್ಲ. ಬೀಡಿ ಹಚ್ಚಿಟ್ಟು, ಕೆಂಡ ಹಿಗ್ಗುವುದನ್ನು ಕಾಯುತ್ತಾ ಕೂರುತ್ತಾನೆ. ಹಿಗ್ಗಿದರೆ ಹತ್ತಿರ ಹೋಗುತ್ತಾನೆ.

"ಯಾರೂ ಇರ್ಲಿಲ್ಲ" ಅಂದೆ. "ಗಾಳಿ ಅಷ್ಟೇ."

"ಸರಿ ಅಕ್ಕಾ."

ಬೀಡಿ ಕಟ್ಟನ್ನು ಜೇಬಿನಿಂದ ತೆಗೆದು ಗುಂಪಿನವನೊಬ್ಬನ ಕೈಗೆ ಕೊಟ್ಟು, ಹಣೆಯ ದೀಪ ಹಚ್ಚಿಕೊಂಡು ಒಳಗಿಳಿದ. ಬೆಳಕು ನೇರ ಎಡಮೂಲೆಗೆ ಹೋಗಿ ನಿಂತಿತು. ಸುತ್ತಿಗೆಯ ಸದ್ದು ಶುರುವಾಯಿತು. ನಾನು ತೂತಿನ ಅಂಚು ಹಿಡಿದುಕೊಂಡು, ಯಾರಿಗೂ ಕೇಳಿಸದಂತೆ, ಒಳಗಿನ ಕತ್ತಲಿಗೆ ಹೇಳಿದೆ. "ತಪ್ಪಾಯ್ತು ಸಡೆಯಣ್ಣಾ. ಅವನು ಬದುಕಿರ್ಲಿ ಅಂತ ಹೇಳ್ದೆ."